ಹಬ್ಬದ ಮುಂಚೆ ಅಗ್ಗಕ್ಕೆ ಸಿಕ್ಕ ಕೋಳಿ

ಯುಗಾದಿ ಹತ್ತಿರ ಬರುತ್ತಿರುವಾಗ ಸಂತೆಯಲ್ಲಿ ನಾಟಿ ಕೋಳಿ ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ. ನಮ್ಮ ಕಡೆ ಹೊಸತೊಡಕಿನ ದಿನ ಬಾಡು ಬೇಯದ ಮನೆ ಅಪರೂಪ. ಆ ದಿನಕ್ಕೆಂದೇ ಹುಂಜ ಸಾಕಿಕೊಂಡು ಕಾಯುವವರಿದ್ದಾರೆ. ಎರಡು ವಾರ ತಡೆದರೆ ಒಳ್ಳೆಯ ಬೆಲೆ ಬರುವ ಕೋಳಿಯನ್ನು ಈಗಲೇ ಕೇಳಿದಷ್ಟಕ್ಕೆ ಕೊಟ್ಟು ಹೋಗುತ್ತಾರೆ ಎಂದರೆ, ಅದು ಎರಡು ವಾರ ಬದುಕುತ್ತದೆ ಎಂಬ ನಂಬಿಕೆ ಅವರಿಗಿಲ್ಲ. ಅವರ ಹಟ್ಟಿಯಲ್ಲಿ ಆಗಲೇ ಒಂದೆರಡು ಕೋಳಿ ತೂಕಡಿಸಿ ತೂಕಡಿಸಿ ಸತ್ತಿರುತ್ತವೆ. ಸಂತೆ ಮಾಡಿ ಅಭ್ಯಾಸವಿರುವ ಹೆಂಗಸರಿಗೆ ಈ ಲೆಕ್ಕ ಗೊತ್ತು. ನಮ್ಮ ಅತ್ತೆಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಅವರು ಹೇಳಿದಾಗ ಕೇಳಲೂ ಇಲ್ಲ. ಅತ್ತೆ ಮದುವೆಯಾಗಿ ಬಂದಾಗಿನಿಂದ ಉಳಿಸಿಕೊಂಡು ಬಂದಿದ್ದ ಕೋಳಿಯ ಬಳಿ ಹೀಗೆ ನನ್ನ ಕೈಯಲ್ಲಿ ಹೋಯಿತು. ನಮ್ಮದಷ್ಟೇ ಹೋಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಬೀದಿಯವರ ಕೋಳಿಗಳೂ ಹೋದವು.

ನಮ್ಮದು ಅರಸೀಕೆರೆ ಸೀಮೆ. ಮನೆ ಊರಿನ ಕೊನೆಯ ಬೀದಿಯಲ್ಲಿ, ಹಿತ್ತಲು ದಾಟಿದರೆ ತೆಂಗಿನ ತೋಟ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆಯ ಹಿಂಡಿನಲ್ಲಿ ಇಪ್ಪತ್ತು, ಇಪ್ಪತ್ತೈದು ಕೋಳಿ ಇರುತ್ತಿದ್ದವು. ಒಂದರ ಬಣ್ಣ ಒಂದಕ್ಕಿಲ್ಲ. ಕೆಂದ, ಕರಿಯದು, ಬೂದಿ ಬಣ್ಣದ್ದು, ಚುಕ್ಕಿಯದು, ಜುಟ್ಟಿನದು, ಕತ್ತು ಬೋಳಾದದ್ದು. ಬೆಳಿಗ್ಗೆ ಗೂಡಿನ ಹಲಗೆ ತೆಗೆದರೆ ತಿಪ್ಪೆಗೆ ಹೋಗುತ್ತಿದ್ದವು, ಅಲ್ಲಿಂದ ತೋಟಕ್ಕೆ, ಬಿಸಿಲೇರಿದಾಗ ಕೊಟ್ಟಿಗೆಯ ನೆರಳಿಗೆ, ಸಂಜೆ ಮತ್ತೆ ಗೂಡಿಗೆ. ಕೈಯಿಂದ ಹಾಕುತ್ತಿದ್ದುದು ಒಂದು ಹಿಡಿ ರಾಗಿ, ಅಕ್ಕಿ ನುಚ್ಚು, ಮುಸುರೆ, ಅಷ್ಟೇ.

ಹೇಂಟೆ ಕಾವಿಗೆ ಬಂದರೆ ಅತ್ತೆ ಹಳೆಯ ಬುಟ್ಟಿಗೆ ಮರಳು ಹಾಕಿ, ಮೇಲೆ ಹುಲ್ಲು ಹಾಸಿ, ಆರಿಸಿದ ಮೊಟ್ಟೆ ಇಟ್ಟು ಕೂರಿಸುತ್ತಿದ್ದರು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಮೂಲೆಗೆ ಒಂದು ಚೂರು ಕಬ್ಬಿಣ, ಒಂದು ಇದ್ದಿಲು, ಒಂದು ಒಣಮೆಣಸಿನಕಾಯಿ. ಇಪ್ಪತ್ತೊಂದನೆಯ ದಿನ ಮರಿ ಏಳುತ್ತಿದ್ದವು. ಮರಿ ಎದ್ದ ಮೇಲೆ ಅವರ ಕೆಲಸ ಶುರು. ಒಡಕು ಮಡಕೆಗೆ ಹಸಿ ಸಗಣಿ, ಹುಲ್ಲು ತುಂಬಿ, ಹುತ್ತದ ಮಗ್ಗುಲಲ್ಲಿ ಸಂಜೆ ಬೋರಲು ಹಾಕಿ ಬರುತ್ತಿದ್ದರು. ಬೆಳಗಾಗುವಷ್ಟರಲ್ಲಿ ಒಳಗೆಲ್ಲ ಗೆದ್ದಲು ಕಟ್ಟಿರುತ್ತಿತ್ತು. ಅದನ್ನು ತಂದು ಅಂಗಳದಲ್ಲಿ ಕೊಡವಿದರೆ ತಾಯಿ ಕೋಳಿ ಕೊಕ್ಕಿನಿಂದ ನೆಲ ಕುಟ್ಟಿ ಮರಿಗಳನ್ನು ಕರೆಯುತ್ತಿತ್ತು. ಬೀಜ ಹಾಕಿ ಬೆಳೆ ತೆಗೆದಷ್ಟೇ ಶ್ರದ್ಧೆ ಆ ಮಡಕೆಯ ಮೇಲೆ ಅವರಿಗೆ. ಎಳೆ ಮರಿಗೆ ಬೇಕಾದ ಪ್ರೋಟೀನು ಹೀಗೆ ಪುಕ್ಕಟೆ ಸಿಗುತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಕೋಳಿ ಆಹಾರದ ಚೀಲದ ಮೇಲಿನ ಅಂಕಿ ಓದುವುದನ್ನು ಕಲಿತ ಮೇಲೆ.

ಅತ್ತೆಯದು ಒಂದು ಕಟ್ಟುನಿಟ್ಟಿತ್ತು. ಹೊರಗಿನ ಕೋಳಿ ನೇರ ಗೂಡಿಗೆ ಬರುವಂತಿಲ್ಲ. ತವರಿನಿಂದ ಹುಂಜ ಕೊಟ್ಟು ಕಳಿಸಿದರೂ ಅದನ್ನು ಕೊಟ್ಟಿಗೆಯ ಹಿಂದೆ ಕಾಲಿಗೆ ಹಗ್ಗ ಹಾಕಿ ಕಟ್ಟುತ್ತಿದ್ದರು. ‘ಒಂದ್ ಅಮಾಸೆ ಕಳೀಲಿ’ ಎನ್ನುತ್ತಿದ್ದರು. ಅದು ದೃಷ್ಟಿಗೋ ಗಾಳಿಗೋ ಹೆದರಿ ಮಾಡುವುದು ಎಂದುಕೊಂಡಿದ್ದೆ. ಹೊಸ ಕೋಳಿಯನ್ನು ಮೂರು, ನಾಲ್ಕು ವಾರ ದೂರ ಇಡಬೇಕು ಎಂದು ಪಶು ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಅದೇ ಅಮಾವಾಸ್ಯೆಯ ಲೆಕ್ಕ. ಮೈಯಲ್ಲಿ ರೋಗ ಅಡಗಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ.

ಈ ಕೋಳಿಗಳು ವರ್ಷಕ್ಕೆ ಇಡುತ್ತಿದ್ದುದು ತಲಾ ಐವತ್ತು, ಅರವತ್ತು ಮೊಟ್ಟೆ. ನನ್ನ ಕಣ್ಣಿಗೆ ಕಂಡದ್ದು ಅದೊಂದೇ ಅಂಕಿ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ 180ಕ್ಕೂ ಮೇಲೆ. ಎರಡೂ ಹಿತ್ತಲಲ್ಲಿ ಮೇದುಕೊಂಡು ಬೆಳೆಯುವ ತಳಿಗಳೇ. ಗಣೇಶನ ಹಬ್ಬ ಕಳೆದ ಮೇಲೆ ಎರಡರ ಮರಿಗಳನ್ನೂ ತಂದೆ. ಬಾತುಕೋಳಿ ತಂದೆ. ಯಾರೋ ಕೊಡುತ್ತೇನೆ ಎಂದರು ಎಂದು ಟರ್ಕಿಯನ್ನೂ ತಂದೆ. ತೋಟದ ತುಂಬ ಬಗೆಬಗೆಯ ಹಕ್ಕಿ ಓಡಾಡಬೇಕು ಎಂಬ ಆಸೆ ನನಗೆ ನಿಜವಾಗಿಯೂ ಇತ್ತು. ಈಗಲೂ ಇದೆ.

ಬಗೆಬಗೆಯ ಹಕ್ಕಿಗಳನ್ನು ಒಂದೇ ಜಾಗದಲ್ಲಿ ಬಿಟ್ಟರೆ ಏನೇನಾಗುತ್ತದೆ ಎಂಬುದನ್ನು ಆ ಚಳಿಗಾಲದಲ್ಲಿ ಒಂದೊಂದಾಗಿ ಕಲಿತೆ. ಬಾತು ನೀರು ಕುಡಿಯುವುದಿಲ್ಲ, ಎರಚುತ್ತದೆ. ಗೂಡಿನ ಭತ್ತದ ಹೊಟ್ಟು ಒದ್ದೆಯಾಗಿ ಹೆಪ್ಪುಗಟ್ಟಿತು. ಒದ್ದೆ ಹೊಟ್ಟಿನಲ್ಲಿ ರಕ್ತಭೇದಿಯ ಸೂಕ್ಷ್ಮಜೀವಿ ಒಂದೆರಡು ದಿನದಲ್ಲಿ ಬಲಿಯುತ್ತದೆ. ಮರಿಗಳು ರೆಕ್ಕೆ ಇಳಿಬಿಟ್ಟು ಗುಂಪುಗಟ್ಟಿ ನಿಂತವು, ಹಿಕ್ಕೆಯಲ್ಲಿ ರಕ್ತ ಕಂಡಿತು. ಔಷಧಿಗೆ ಬಗ್ಗುವ ರೋಗ ಅದು. ಹೊಟ್ಟು ಬದಲಿಸಿ, ಬಾತುಗಳನ್ನು ತೊಟ್ಟಿಯ ಕಡೆಗೆ ಓಡಿಸಿದ ಮೇಲೆ ನಿಂತಿತು. ಟರ್ಕಿಗಳು ಉಳಿಯಲಿಲ್ಲ. ಕೋಳಿಯ ಹೊಟ್ಟೆಯಲ್ಲಿ ಇರುವ ಒಂದು ಜಾತಿಯ ಹುಳುವಿನ ಮೊಟ್ಟೆಯೊಳಗೆ ಟರ್ಕಿಗೆ ಆಗದ ಜೀವಿಯೊಂದು ಕೂತಿರುತ್ತದೆ. ಕೋಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಟರ್ಕಿಯ ಈಲಿಯನ್ನೇ ಅದು ತಿಂದುಹಾಕುತ್ತದೆ, ಹಿಕ್ಕೆ ಗಂಧಕದ ಹಳದಿಗೆ ತಿರುಗುತ್ತದೆ. ಹುಳುವಿನ ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಇರಬಲ್ಲದು. ತಲೆಮಾರುಗಳಿಂದ ಕೋಳಿ ಕೆದರಿದ ಹಿತ್ತಲಿನಲ್ಲಿ ಟರ್ಕಿ ಸಾಕಬಾರದು ಎಂದು ನಾನು ಈಗ ಯಾರಿಗಾದರೂ ಹೇಳುತ್ತೇನೆ.

ತಿನ್ನಿಸುವುದರಲ್ಲಿಯೂ ತಪ್ಪಿದೆ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಸುಣ್ಣದಂಶ ನೂರಕ್ಕೆ ಮೂರೂವರೆ ಪಾಲಿರುತ್ತದೆ, ಮರಿಯ ಮೇವಿನಲ್ಲಿ ಒಂದು ಪಾಲಿದ್ದರೆ ಸಾಕು. ಒಂದೇ ಚೀಲ ತಂದು ಎಲ್ಲಕ್ಕೂ ಸುರಿದರೆ ಎಳೆಯವುಗಳ ಮೂತ್ರಪಿಂಡ ಆ ಸುಣ್ಣವನ್ನು ತಾಳುವುದಿಲ್ಲ. ಈಗ ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡುತ್ತೇನೆ. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟು ತಾನೇ ಕುಕ್ಕಿಕೊಳ್ಳುತ್ತದೆ.

ಇನ್ನು ಜಗಳ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಪಂಕ್ತಿ ಇರುತ್ತದೆ. ನಾರ್ವೆಯ ಶೆಲ್ಡೆರಪ್ ಎಬ್ಬೆ ಎಂಬ ವಿದ್ವಾಂಸರು ಅದನ್ನು ನೋಡಿ ನೋಡಿ ಬರೆದಿಟ್ಟದ್ದು 1920ರ ದಶಕದ ಆರಂಭದಲ್ಲಿ. ಹೊಸದೊಂದು ಕೋಳಿ ಬಂದರೆ ಪಂಕ್ತಿ ಪೂರಾ ಕಲಕುತ್ತದೆ, ಮೊದಲಿನಿಂದ ಕಾದಾಡಿ ಮತ್ತೆ ಕಟ್ಟಿಕೊಳ್ಳಬೇಕು. ಗಿರಿರಾಜದ ಹುಂಜಗಳು ಮೈಯಲ್ಲಿ ನಾಟಿಯ ಎರಡರಷ್ಟಿದ್ದವು. ಆದರೂ ಅತ್ತೆಯ ಕೆಂದ ಹುಂಜ ಕತ್ತಿನ ಗರಿ ಕೆದರಿ ಒಮ್ಮೆ ಎದುರು ನಿಂತರೆ ಅವು ಹಿಂದೆ ಸರಿಯುತ್ತಿದ್ದವು. ಕತ್ತಲಾದ ಮೇಲೆ, ಎಲ್ಲವೂ ಹಲಗೆಯ ಮೇಲೆ ಕೂತಿರುವಾಗ ಹೊಸದನ್ನು ಮೆಲ್ಲಗೆ ಪಕ್ಕದಲ್ಲಿ ಕೂರಿಸಬೇಕು ಎಂದು ಅತ್ತೆ ತೋರಿಸಿಕೊಟ್ಟರು. ಕತ್ತಲಲ್ಲಿ ಕೋಳಿಗೆ ಕಣ್ಣು ಸಾಲದು, ಕುಕ್ಕಾಟ ಎಷ್ಟೋ ತಗ್ಗುತ್ತದೆ. ಇದೇ ಉಪಾಯವನ್ನು ಆಮೇಲೆ ಎಲ್ಲಿ ಬಳಸಿದೆ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಲಸಿಕೆಯ ವಿಷಯವನ್ನು ಬಿಡಿಸಿ ಹೇಳಬೇಕು, ಎಲ್ಲವೂ ನಿಂತಿರುವುದು ಅದರ ಮೇಲೆ. ಮರಿ ಕೊಟ್ಟವರು ಜೊತೆಗೆ ಒಂದು ಚೀಟಿ ಕೊಟ್ಟಿದ್ದರು. ಏಳನೆಯ ದಿನದ ಹೊತ್ತಿಗೆ ರಾಣಿಖೇತ್ ರೋಗಕ್ಕೆ ಲಸೋಟ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಹದಿನಾಲ್ಕನೆಯ ದಿನದ ಹೊತ್ತಿಗೆ ಗುಂಬೋರೋ. ನಾಲ್ಕು ವಾರಕ್ಕೆ ಮತ್ತೆ ಲಸೋಟ. ಎಂಟು ವಾರ ದಾಟಿದ ಮೇಲೆ ಆರ್‌2ಬಿ, ಚರ್ಮದ ಕೆಳಗೆ ಚುಚ್ಚುವುದು. ನಾನು ಚಾಚೂ ತಪ್ಪದೆ ಮಾಡಿದೆ. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಪುಟ್ಟ ಶೀಶೆ ತಂದು, ದ್ರಾವಣ ಬೆರೆಸಿ, ಮರಿಯನ್ನು ಅಂಗೈಯಲ್ಲಿ ಮಲಗಿಸಿ ಕಣ್ಣಿಗೆ ಹನಿ ಬಿಡುವುದು. ಮರಿ ಒಮ್ಮೆ ರೆಪ್ಪೆ ಮಿಟುಕಿಸುತ್ತದೆ, ಹನಿ ಒಳಗೆ ಇಳಿಯುತ್ತದೆ, ಆಗ ಕೆಳಗೆ ಬಿಡಬೇಕು. ಮಿಟುಕಿಸುವ ಮೊದಲೇ ಬಿಟ್ಟರೆ ಹನಿ ಕೆನ್ನೆಯ ಮೇಲೆ ಹರಿದುಹೋಗುತ್ತದೆ.

ಶೀಶೆ ನೂರು ಕೋಳಿಯದು. ನನ್ನ ಮರಿಗಳು ಐವತ್ತನ್ನೂ ಮುಟ್ಟುತ್ತಿರಲಿಲ್ಲ. ಒಮ್ಮೆ ಬೆರೆಸಿದ ಲಸಿಕೆಯನ್ನು ಎರಡು ತಾಸಿನೊಳಗೆ ಬಳಸಬೇಕು, ನಾಳೆಗೆ ಎತ್ತಿಡುವಂತಿಲ್ಲ. ಉಳಿದ ಅರ್ಧವನ್ನು ನಾನು ಚೆಲ್ಲಿದೆ. ಅತ್ತೆಯ ಹೇಂಟೆಗಳು ನನ್ನ ಕಾಲ ಬಳಿಯೇ ಕೆದರುತ್ತಿದ್ದವು. ಅವಕ್ಕೂ ಒಂದೊಂದು ಹನಿ ಬಿಡಬಹುದಿತ್ತು. ಪಕ್ಕದ ಮನೆಯ ಅಜ್ಜಿಯ ಕೋಳಿಗಳನ್ನು ಹಿಡಿದು ತರಿಸಿದ್ದರೂ ಲಸಿಕೆ ಮಿಗುತ್ತಿತ್ತು. ಹಾಗೆ ಮಾಡಬೇಕು ಎಂದು ಅನ್ನಿಸಲೇ ಇಲ್ಲ. ನಾಟಿ ಕೋಳಿ ಗಟ್ಟಿ, ಅದಕ್ಕೆ ಏನೂ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ನಾಟಿ ಕೋಳಿ ಗಟ್ಟಿಯೇ. ಬಿಸಿಲಿಗೆ ಗಟ್ಟಿ, ಅರೆಹೊಟ್ಟೆಗೆ ಗಟ್ಟಿ, ಹದ್ದಿನ ನೆರಳು ಬಿದ್ದೊಡನೆ ಬೇಲಿಯೊಳಗೆ ನುಗ್ಗುವುದರಲ್ಲಿ ಚುರುಕು. ರಾಣಿಖೇತ್ ರೋಗ ಆ ಗಟ್ಟಿತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಸಿಕೆ ಕಾಣದ ಹಿಂಡಿಗೆ ಬಲವಾದ ವೈರಸ್ ಹೊಕ್ಕರೆ ನೂರಕ್ಕೆ ತೊಂಬತ್ತು ಸತ್ತರೂ ಆಶ್ಚರ್ಯವಿಲ್ಲ.

ಚಳಿ ಕಳೆಯುವ ಹೊತ್ತಿಗೆ ಗಿರಿರಾಜದ ಹೇಂಟೆಗಳು ಮೊಟ್ಟೆ ಇಡಲು ಶುರು ಮಾಡಿದವು. ಆ ತಳಿ ಕಾವಿಗೆ ಕೂರುವುದು ಬಹಳ ಕಡಿಮೆ. ಮೊಟ್ಟೆ ಹೆಚ್ಚಬೇಕೆಂದರೆ ಕಾವಿನ ಗುಣ ಕಳೆಯುತ್ತ ಬರುತ್ತದೆ. ಇವುಗಳ ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿಸಬೇಕು ಎಂದರೆ ನಾಟಿ ಹೇಂಟೆಯೇ ಬೇಕು. ಅತ್ತೆಯವು ಸಾಲುತ್ತಿರಲಿಲ್ಲ. ಅದಕ್ಕೇ ಯುಗಾದಿಗೆ ಮುಂಚಿನ ಸಂತೆಗೆ ಹೋದದ್ದು.

ಒಬ್ಬ ವ್ಯಾಪಾರಿ ಮಂಕರಿ ತುಂಬ ಹೇಂಟೆ ತಂದಿದ್ದ. ಬಾಳೆನಾರಿನಲ್ಲಿ ಕಾಲು ಕಟ್ಟಿ ಜೋಡಿ ಜೋಡಿಯಾಗಿ ಮಲಗಿಸಿದ್ದ. ಹೇಳಿದ ಬೆಲೆಯನ್ನು ನಾನು ಅರ್ಧಕ್ಕೆ ಕೇಳಿದೆ, ಆತ ಮರುಮಾತಾಡದೆ ಕೊಟ್ಟ. ನೋಡಬೇಕಾದ್ದು ಏನು ಎಂದು ಈಗ ಗೊತ್ತು. ಕಣ್ಣು ಪೂರ್ತಿ ತೆರೆದಿದೆಯೇ, ಮೂಗಿನ ತೂತು ಒಣಗಿದೆಯೇ, ಬಾಲದ ಕೆಳಗಿನ ಪುಕ್ಕ ಅಂಟಂಟಾಗಿದೆಯೇ, ಕಿವಿಗಿಟ್ಟುಕೊಂಡರೆ ಉಸಿರಿನಲ್ಲಿ ಗೊರಗೊರ ಸದ್ದಿದೆಯೇ. ಅವತ್ತು ನೋಡಿದ್ದು ಬಣ್ಣ. ಒಂದು ಹೇಂಟೆ ಗೋಧಿ ಬಣ್ಣದ್ದಿತ್ತು, ಅಂಥದ್ದು ನಮ್ಮ ಹಿಂಡಿನಲ್ಲಿ ಇರಲಿಲ್ಲ. ಅದರ ಕತ್ತು ಮುದುಡಿಕೊಂಡಿತ್ತು, ಗರಿ ಉಬ್ಬಿತ್ತು. ಬಿಸಿಲಿಗೆ ಬಸವಳಿದಿದೆ ಎಂದುಕೊಂಡೆ.

ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಚೀಲ ಬಿಚ್ಚುವುದನ್ನು ನೋಡಿ ಎದ್ದು ಬಂದು ಒಂದು ಹೇಂಟೆಯ ಬಾಲದ ಪುಕ್ಕ ಎತ್ತಿ ನೋಡಿದರು.

‘ಎಷ್ಟಕ್ಕೆ ಕೊಟ್ಟವ್ವ?’

ಹೇಳಿದೆ.

‘ಹಬ್ಬದ್ ಮುಂದೆ ಈ ರೇಟಿಗೆ ಯಾರ್ ಕೊಡ್ತಾರೆ? ಗೂಡಿಗೆ ಬಿಡ್‌ಬ್ಯಾಡ. ಕೊಟ್ಗೆ ಹಿಂದೆ ಕಟ್ಟು, ಒಂದ್ ಅಮಾಸೆ ಕಳೀಲಿ.’

‘ಅಲ್ಲಿ ಮುಂಗುಸಿ ಬರುತ್ತೆ ಅತ್ತೆ. ಇವೂ ನಾಟಿ ಕೋಳಿನೇ ಅಲ್ವಾ, ಏನಾಗಲ್ಲ ಬಿಡಿ.’

ಅವರು ಮತ್ತೆ ಏನೂ ಹೇಳಲಿಲ್ಲ. ಅವರದೇ ಹಿಂಡು, ಅವರದೇ ಗೂಡು, ಆದರೂ ಓದಿದ ಸೊಸೆಯ ಎದುರು ಎರಡನೆಯ ಸಲ ಹೇಳಲಿಲ್ಲ. ಕತ್ತಲಾಗಲಿ ಎಂದು ಕಾದು, ಅವರೇ ಕಲಿಸಿಕೊಟ್ಟ ಹಾಗೆ, ಸಂತೆಯ ಹೇಂಟೆಗಳನ್ನು ಒಂದೊಂದಾಗಿ ಒಯ್ದು ಮನೆಯ ಕೋಳಿಗಳ ನಡುವೆ ಹಲಗೆಯ ಮೇಲೆ ಕೂರಿಸಿದೆ. ಸದ್ದೇ ಆಗಲಿಲ್ಲ. ಕೆಲಸ ಚೆನ್ನಾಯಿತು ಎಂದುಕೊಂಡು ಬಂದು ಮಲಗಿದೆ.

ಗೋಧಿ ಬಣ್ಣದ್ದು ಮೊದಲು ಸತ್ತಿತು. ವಾರ ತುಂಬುವಷ್ಟರಲ್ಲಿ ಮನೆಯ ಕೋಳಿಗಳು ತೂಕಡಿಸತೊಡಗಿದವು. ಹಿಕ್ಕೆ ಹಸಿರು, ನೀರು ನೀರು. ಬಾಯಿ ಬಿಟ್ಟು ಕತ್ತು ಚಾಚಿ ಉಸಿರೆಳೆಯುತ್ತಿದ್ದವು. ಎರಡು ದಿನ ಬದುಕಿದವುಗಳ ಕತ್ತು ತಿರುಚಿಕೊಂಡಿತು. ಜುಟ್ಟಿನ ಹೇಂಟೆ ಕಾಳು ಕಂಡು ಕುಕ್ಕಲು ಹೋಗುತ್ತಿತ್ತು, ಕೊಕ್ಕು ಕಾಳಿನ ಪಕ್ಕಕ್ಕೆ ಬೀಳುತ್ತಿತ್ತು, ತಲೆ ಬೆನ್ನ ಕಡೆಗೆ ಹೊರಳುತ್ತಿತ್ತು, ಅದು ಹಿಂದಕ್ಕೆ ನಡೆದು ಬೀಳುತ್ತಿತ್ತು. ಎದ್ದು ಮತ್ತೆ ಕಾಳಿಗೆ ಬರುತ್ತಿತ್ತು. ಅತ್ತೆ ಅದನ್ನು ಮಡಿಲಲ್ಲಿ ಹಾಕಿಕೊಂಡು ನುಚ್ಚಿನ ಗಂಜಿಯನ್ನು ಬೆರಳಿನಿಂದ ಬಾಯಿಗೆ ಸವರುತ್ತ ಕೂತರು. ಅರಿಸಿನ, ಮೆಣಸು, ಬೆಳ್ಳುಳ್ಳಿ ಎಲ್ಲ ಅರೆದು ಕುಡಿಸಿದೆವು. ಔಷಧಿ ಅಂಗಡಿಯಿಂದ ಪುಡಿ ತಂದು ನೀರಿಗೆ ಹಾಕಿದೆವು. ವೈರಸ್ಸಿನ ರೋಗಕ್ಕೆ ಅವು ಯಾವುವೂ ನಾಟುವುದಿಲ್ಲ.

ಪಶು ಆಸ್ಪತ್ರೆಯ ಡಾಕ್ಟರು ಬಂದು ಆಗಷ್ಟೇ ಸತ್ತದ್ದೊಂದನ್ನು ಕೊಯ್ದು ತೋರಿಸಿದರು. ಕಾಳು ಅರೆಯುವ ದಪ್ಪ ಚೀಲಕ್ಕೆ ಸ್ವಲ್ಪ ಮುಂಚೆ ಮೆತ್ತನೆಯ ಸಣ್ಣ ಚೀಲವೊಂದಿರುತ್ತದೆ. ಅದನ್ನು ಬಿಡಿಸಿ ತೊಳೆದಾಗ ಒಳಗೋಡೆಯ ತುಂಬ ಸೂಜಿಮೊನೆಯಷ್ಟಗಲದ ರಕ್ತದ ಚುಕ್ಕೆ. ‘ಕೊಕ್ಕರೆ ರೋಗ’ ಎಂದರು. ರಾಣಿಖೇತಿಗೆ ನಮ್ಮ ಊರುಗಳಲ್ಲಿ ಹೇಳುವ ಹೆಸರು ಅದು. ಹೆಚ್ಚಾಗಿ ಐದಾರು ದಿನ ಮೈಯಲ್ಲಿ ಅಡಗಿದ್ದು ಹೊರಬೀಳುತ್ತದೆ, ಕೆಲವೊಮ್ಮೆ ಎರಡೇ ದಿನ, ಕೆಲವೊಮ್ಮೆ ಹದಿನೈದು ದಿನ ಎಂದರು. ಹಕ್ಕಿಜ್ವರವೂ ಮೇಲ್ನೋಟಕ್ಕೆ ಹೀಗೇ ಕಾಣಬಹುದಾದ್ದರಿಂದ ಒಮ್ಮೆಗೇ ಕೋಳಿ ಸಾಯತೊಡಗಿದರೆ ಮೊದಲು ಆಸ್ಪತ್ರೆಗೆ ತಿಳಿಸಬೇಕು, ಬರಿಗೈಯಲ್ಲಿ ಮುಟ್ಟಬಾರದು ಎಂದೂ ಹೇಳಿದರು. ಹೆಣಗಳನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿಸಿದರು. ಅಷ್ಟರಲ್ಲಿ ಮೊದಲು ಸತ್ತವನ್ನು ನಾವು ಹಳ್ಳಕ್ಕೆ ಎಸೆದಾಗಿತ್ತು, ನಾಯಿಗಳು ಎಳೆದಾಡಿದ್ದವು.

ನಾನು ತಂದ ಗಿರಿರಾಜ, ಸ್ವರ್ಣಧಾರಗಳಲ್ಲಿ ಮುಕ್ಕಾಲು ಪಾಲು ಬದುಕಿದವು. ಅವಕ್ಕೆ ಲಸಿಕೆ ಆಗಿತ್ತು. ಅತ್ತೆಯ ನಾಟಿಗಳಲ್ಲಿ ಒಂದೆರಡು ಹೇಂಟೆ ಬಿಟ್ಟರೆ ಎಲ್ಲವೂ ಸತ್ತವು, ಕೆಂದ ಹುಂಜವೂ. ಗಟ್ಟಿ ಎಂದವು ಹೋದವು, ಸೂಕ್ಷ್ಮ ಎಂದವು ಉಳಿದವು. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಲಸಿಕೆ ಆದ ಕೋಳಿ ಸಾಯದಿದ್ದರೂ ವೈರಸ್ಸು ಅದರ ಮೈ ಹೊಗುವುದುಂಟು, ಆರೋಗ್ಯವಾಗಿ ಓಡಾಡುತ್ತಲೇ ಹಿಕ್ಕೆಯಲ್ಲಿ, ಉಸಿರಿನಲ್ಲಿ ಅದನ್ನು ಹರಡುವುದುಂಟು. ಹಿಂಡಿನಲ್ಲಿ ಅರ್ಧಕ್ಕೆ ಲಸಿಕೆ ಹಾಕಿ ಅರ್ಧಕ್ಕೆ ಬಿಟ್ಟರೆ, ಹಾಕದವುಗಳ ಪಾಲಿಗೆ ಹಾಕಿದವೇ ಅಪಾಯವಾಗಬಹುದು. ಮಿಶ್ರ ಹಿಂಡು ಸಾಕುವವರು ಇದನ್ನು ಮೊದಲು ತಿಳಿಯಬೇಕು.

ನಮ್ಮ ಕೋಳಿಗಳಿಗೆ ಬೇಲಿ ಇರಲಿಲ್ಲ. ಪಕ್ಕದ ಮನೆಯ ಅಜ್ಜಿಯ ತಿಪ್ಪೆಯೂ ನಮ್ಮ ತಿಪ್ಪೆಯೂ ಒಂದಕ್ಕೊಂದು ತಾಗಿಕೊಂಡಿದ್ದವು. ಅಜ್ಜಿ ಒಂಟಿ. ಹೇಂಟೆಗಳ ಮೊಟ್ಟೆ ಮಾರಿ ಎಲೆಯಡಿಕೆ, ಸೋಪು, ಬಸ್ಸಿನ ಚಾರ್ಜು ನೋಡಿಕೊಳ್ಳುತ್ತಿದ್ದರು. ಮಾರಿಹಬ್ಬಕ್ಕೆ ಮೊಮ್ಮಕ್ಕಳು ಬಂದರೆ ಒಂದು ಹುಂಜ. ಅವರ ಕೋಳಿಗಳು ಒಂದೂ ಉಳಿಯಲಿಲ್ಲ. ಅಲ್ಲಿಂದ ಎದುರು ಮನೆಗೆ, ಅಲ್ಲಿಂದ ಕೆಳಗಿನ ಬೀದಿಗೆ ಹೋಯಿತು. ಅಜ್ಜಿ ನನ್ನನ್ನು ಬೈಯಲಿಲ್ಲ. ಬೇಸಗೆಯಲ್ಲಿ ಕೋಳಿಗೆ ರೋಗ ಬರೋದು ಇದ್ದದ್ದೇ ಎಂದರು. ಸಂತೆಯ ಹೇಂಟೆಗಳ ವಿಷಯವನ್ನು ನಾನೇ ಹೋಗಿ ಹೇಳಿದೆ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮತ್ತೆ ಏನೂ ಹೇಳ್ಲಿಲ್ವಾ?’ ಎಂದರು.

ರೋಗದ ಸುದ್ದಿ ಹಬ್ಬಿದ ಮೇಲೆ ವ್ಯಾಪಾರಿಗಳು ಬೀದಿಗೆ ಬಂದರು. ಬದುಕಿರುವ ಕೋಳಿ ಯಾವುದಿದ್ದರೂ ಕೊಡಿ ಎಂದು ಕಡಿಮೆ ಬೆಲೆಗೆ ಕೇಳಿದರು. ಕೆಲವರು ಕೊಟ್ಟರು. ಸತ್ತರೆ ಪೂರ್ತಿ ನಷ್ಟ, ಕೊಟ್ಟರೆ ನಾಲ್ಕು ಕಾಸು. ಬಡವರ ಮನೆಯ ಲೆಕ್ಕದಲ್ಲಿ ಅದು ತಪ್ಪೆಂದು ಹೇಳುವ ಬಾಯಿ ನನಗಿರಲಿಲ್ಲ. ಆ ಕೋಳಿಗಳು ಇನ್ನಾವುದೋ ಸಂತೆಗೆ ಹೋದವು, ಯಾರದೋ ಹಿತ್ತಲಿಗೆ ಹೋದವು. ನನಗೆ ಮಾರಿದ ವ್ಯಾಪಾರಿಯ ಮೇಲೆ ಅಲ್ಲಿಯವರೆಗೆ ಸಿಟ್ಟಿತ್ತು. ಅವನ ಮಂಕರಿಯ ಹಿಂದೆಯೂ ಇಂಥದೇ ಒಂದು ಬೀದಿ ಇತ್ತು ಎಂದು ಆಗ ಅರ್ಥವಾಯಿತು.

ರೋಗ ತಗ್ಗಿದ ಮೇಲೆ ಗೂಡಿನ ಹೊಟ್ಟು ತೆಗೆದು ಸುಟ್ಟು, ಗೋಡೆಗೆ ಸುಣ್ಣ ಬಳಿದು, ಬೇಸಗೆ ಪೂರ್ತಿ ಬಿಸಿಲಿಗೆ ತೆರೆದಿಟ್ಟೆವು. ಹೊಸ ಕೋಳಿ ತರಲಿಲ್ಲ. ಅತ್ತೆ ಹಿಂದೊಮ್ಮೆ ಮಗಳ ಮನೆಗೆ ಇದೇ ಬಳಿಯ ಮರಿಗಳನ್ನು ಕೊಟ್ಟಿದ್ದರು. ಮಳೆ ಬಿದ್ದ ಮೇಲೆ ಅಲ್ಲಿಂದ ಮೊಟ್ಟೆ ತರಿಸಿ, ಉಳಿದ ನಾಟಿ ಹೇಂಟೆಯ ಕೆಳಗೆ ಇಟ್ಟೆವು. ರೋಗದ ದೃಷ್ಟಿಯಿಂದ ಕೋಳಿ ತರುವುದಕ್ಕಿಂತ ಒಳ್ಳೆಯ ಹಿಂಡಿನ ಮೊಟ್ಟೆ ತರುವುದು ಎಷ್ಟೋ ವಾಸಿ. ಮರಿ ಎದ್ದಾಗ ಅತ್ತೆ ಹುತ್ತದ ಬಳಿಗೆ ಮಡಕೆ ಹೊತ್ತು ಹೊರಟರು. ನಾನು ಲಸಿಕೆಗೆ ಐಸ್ ಹೊಂದಿಸಿದೆ. ಈಗ ಎರಡೂ ನಡೆಯುತ್ತವೆ. ಹೊರಗಿನಿಂದ ಬಂದದ್ದು ಯಾವುದೇ ಇರಲಿ, ಕೊಟ್ಟಿಗೆಯ ಹಿಂದೆ ಮುಂಗುಸಿ ನುಗ್ಗದ ಹಾಗೆ ಜಾಲರಿ ಬಿಗಿದ ಗೂಡಿನಲ್ಲಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇರುತ್ತದೆ. ಅದಕ್ಕೆ ನೀರು, ಮೇವು ಇಡುವುದು ಮನೆಯ ಕೋಳಿಗಳದು ಮುಗಿದ ಮೇಲೆ, ಬೇರೆ ಚಪ್ಪಲಿ ಹಾಕಿಕೊಂಡು. ಕೋಳಿಗೆ ತಗಲುವ ರೋಗ ಕೋಳಿಯ ಜೊತೆಗೇ ಬರಬೇಕೆಂದಿಲ್ಲ, ಅಂಗಾಲಿನ ಮಣ್ಣಿನಲ್ಲೂ ಬರುತ್ತದೆ.

ರಾಣಿಖೇತ್ ರೋಗವನ್ನು ಆ ಹೆಸರಿನ ಬೆಟ್ಟದೂರಿನಲ್ಲಿ ಗುರುತಿಸಿದ್ದು 1920ರ ದಶಕದ ಕೊನೆಗೆ. ಆರ್‌2ಬಿ ಲಸಿಕೆಯ ತಳಿ ಸಿದ್ಧವಾದದ್ದು 1940ರ ದಶಕದಲ್ಲಿ, ಅದೇ ಸೀಮೆಯ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ. ನಮ್ಮ ರಾಜ್ಯದಲ್ಲೇ ಹೆಬ್ಬಾಳದ ಸರ್ಕಾರಿ ಸಂಸ್ಥೆ ಕೋಳಿ ಲಸಿಕೆ ತಯಾರಿಸುತ್ತದೆ. ಇಷ್ಟು ಹಳೆಯ, ಇಷ್ಟು ಅಗ್ಗದ ಲಸಿಕೆ ಹಿತ್ತಲ ಕೋಳಿಗೆ ಏಕೆ ಮುಟ್ಟಿಲ್ಲ? ಮುಖ್ಯ ಕಾರಣ ಆ ಶೀಶೆಯ ಅಳತೆ ಎಂಬುದು ನನ್ನ ಅನುಭವ. ನೂರು, ಇನ್ನೂರು, ಐನೂರು ಕೋಳಿಯ ಲೆಕ್ಕದಲ್ಲಿ ಬರುತ್ತದೆ. ಹತ್ತು ಕೋಳಿಯ ಮನೆಯವರು ತಾವೊಬ್ಬರೇ ಅದನ್ನು ತಂದು ಏನು ಮಾಡಬೇಕು? ಐಸಿನಲ್ಲಿ ತರಬೇಕು, ಬಿಚ್ಚಿದರೆ ಎರಡು ತಾಸಿನಲ್ಲಿ ಮುಗಿಸಬೇಕು, ಹತ್ತಕ್ಕೆ ಹಾಕಿ ತೊಂಬತ್ತು ಚೆಲ್ಲಬೇಕು. ಯಾರೂ ತರುವುದಿಲ್ಲ. ಹಳ್ಳಿಯ ಕೋಳಿಗೆಂದೇ ಶಾಖ ತಾಳುವ ಐ-2 ಎಂಬ ಲಸಿಕೆಯನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ರೂಪಿಸಿ, ಆಫ್ರಿಕಾದ ಎಷ್ಟೋ ಊರುಗಳಲ್ಲಿ ಬಳಕೆಗೆ ತಂದಿದ್ದಾರೆ. ನಮಗೂ ಸಣ್ಣ ಶೀಶೆ, ಶಾಖ ತಾಳುವ ಲಸಿಕೆ ಪ್ರತಿ ಪಶು ಆಸ್ಪತ್ರೆಯಲ್ಲಿ ಸಿಗಬೇಕು. ಸಾವಿರಾರು ಕೋಳಿಯ ಶೆಡ್ಡುಗಳಿಗೆ ಸಿಗುವ ಗಮನದಲ್ಲಿ ಒಂದು ಪಾಲಾದರೂ ಈ ಹೆಂಗಸರ ಕೋಳಿಗಳಿಗೆ ಸಲ್ಲಬೇಕು.

ಅಲ್ಲಿಯವರೆಗೆ ಉಪಾಯ ಒಂದೇ, ಬೀದಿಯೆಲ್ಲ ಸೇರುವುದು. ನಾವು ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗೊತ್ತು ಮಾಡಿ ಹಿಂದಿನ ಸಂಜೆಯೇ ಹೇಳಿಬರುತ್ತೇವೆ, ನಾಳೆ ಬೆಳಿಗ್ಗೆ ಯಾರೂ ಗೂಡಿನ ಹಲಗೆ ತೆಗೆಯಬೇಡಿ ಎಂದು. ಹೊರಗೆ ಬಿಟ್ಟ ಮೇಲೆ ನಾಟಿ ಕೋಳಿ ಯಾರ ಕೈಗೂ ಸಿಗುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಐಸಿನ ಡಬ್ಬಿ ಹಿಡಿದು ಮನೆಯಿಂದ ಮನೆಗೆ ಹೋಗುತ್ತೇವೆ. ದೊಡ್ಡವಕ್ಕೆ ಡಾಕ್ಟರೋ ಅವರ ಸಹಾಯಕರೋ ಚುಚ್ಚುತ್ತಾರೆ, ಎಂಟು ವಾರದೊಳಗಿನ ಮರಿಗಳಿಗೆ ನಾನು ಕಣ್ಣಿಗೆ ಹನಿ ಬಿಡುತ್ತೇನೆ. ಮರಿಗಳಿಗೆ ಆರ್‌2ಬಿ ಚುಚ್ಚಬಾರದು, ತಡೆಯುವುದಿಲ್ಲ. ಅಜ್ಜಿಯ ಗೂಡಿಗೆ ನಮ್ಮ ಮೊದಲ ಮರಿಗಳಲ್ಲೇ ಒಂದು ಜೋಡಿ ಕೊಟ್ಟೆವು. ಈಗ ಅಲ್ಲಿಯೂ ಮರಿಗಳಾಗಿವೆ.

ನಿಮ್ಮ ಬೀದಿಯಲ್ಲಿ ಒಟ್ಟು ಎಷ್ಟು ಕೋಳಿ ಇವೆ ಎಂದು ಒಮ್ಮೆ ಎಣಿಸಿ. ಆ ಲೆಕ್ಕ ಹಿಡಿದುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಲಸಿಕೆ ಕೇಳಿ. ಮೈಯಲ್ಲಿ ಶಕ್ತಿ ಬರಲು ಒಂದೆರಡು ವಾರ ಬೇಕು, ಆದ್ದರಿಂದ ಬಿಸಿಲು ಏರುವವರೆಗೆ ಕಾಯಬೇಡಿ, ಶಿವರಾತ್ರಿಯ ಒಳಗೆ ಹಾಕಿಸಿ. ಒಂದೇ ಹೇಂಟೆ ಇರುವ ಮನೆಯನ್ನೂ ಬಿಡಬೇಡಿ.